ಶಾಖ ಜಾಲಕ್ಕೆ ನವೀಕರಿಸಬಹುದಾದ ಇಂಧನ: ತೊಡಕು ಸ್ಥಾವರದಲ್ಲೋ, ನೆಲಮಾಳಿಗೆಯಲ್ಲೋ?

ತಾಪಮಾನಿ
ಡಿಸ್ಟ್ರಿಕ್ಟ್ ಹೀಟಿಂಗ್ ಬಗ್ಗೆ ಮಾತು ಬಂದಾಗಲೆಲ್ಲ ಅದು ಇಂಧನದ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಲ್ಲಿದ್ದಲು ಬೇಡ, ಅನಿಲ ಬೇಡ, ಹಾಗಾದರೆ ಬಿಸಿಲೋ ಭೂಶಾಖವೋ ಸಮುದ್ರದ ನೀರೋ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ನನ್ನ ತಕರಾರು ಇಲ್ಲಿಂದ ಶುರುವಾಗುತ್ತದೆ.

ಹೊಸಬರಿಗಾಗಿ ಎರಡು ಮಾತು: ಒಂದು ಸ್ಥಾವರದಲ್ಲಿ ನೀರು ಕಾಯಿಸಿ, ನೆಲದಡಿಯ ಕೊಳವೆಗಳಲ್ಲಿ ಊರಿಗೆಲ್ಲ ಹರಿಸಿ, ಕಟ್ಟಡಗಳನ್ನು ಬೆಚ್ಚಗಿಟ್ಟು, ತಣಿದ ನೀರನ್ನು ಮತ್ತೆ ಸ್ಥಾವರಕ್ಕೆ ತರುವ ವ್ಯವಸ್ಥೆ ಇದು. 1877ರಲ್ಲಿ ಅಮೆರಿಕದ ಲಾಕ್‌ಪೋರ್ಟ್‌ನಲ್ಲಿ ಬರ್ಡ್ಸಿಲ್ ಹಾಲಿ ಹಬೆ ಹರಿಸಿ ಇದನ್ನು ವ್ಯಾಪಾರವಾಗಿ ಆರಂಭಿಸಿದ. ಹಬೆ ಹೋಗಿ ನೂರು ಡಿಗ್ರಿ ಮೀರಿದ ಒತ್ತಡದ ನೀರು ಬಂತು, ಆಮೇಲೆ ನೂರಕ್ಕಿಂತ ಕೆಳಗಿನ ನೀರು ಬಂತು. ಆದರೆ ಇಂದಿಗೂ ಜಗತ್ತಿನ ಇಂಥ ಜಾಲಗಳ ಶಾಖದಲ್ಲಿ ಸುಮಾರು ಶೇ 90 ಪಳೆಯುಳಿಕೆ ಇಂಧನದಿಂದಲೇ ಬರುತ್ತದೆ.

ಬೆಂಕಿಗೆ 70 ಡಿಗ್ರಿಯೂ ಒಂದೇ, 110 ಡಿಗ್ರಿಯೂ ಒಂದೇ. ಜ್ವಾಲೆ ಸಾವಿರ ಡಿಗ್ರಿಯ ಮೇಲಿರುವಾಗ ನೀರನ್ನು ಎಷ್ಟಕ್ಕೆ ಕಾಯಿಸಿದರೂ ಬಾಯ್ಲರಿಗೆ ಚಿಂತೆಯಿಲ್ಲ. ಹಾಗಾಗಿ ತಾಪಮಾನದ ಲೆಕ್ಕವನ್ನು ಯಾರೂ ಬಿಗಿಯಾಗಿ ಇಡಲಿಲ್ಲ. ಸಮುದ್ರದ ನೀರು 8 ಡಿಗ್ರಿಯಲ್ಲಿ ಸಿಗುತ್ತದೆ, ಸಂಸ್ಕರಿಸಿದ ಕೊಳಚೆ ನೀರು ಅದಕ್ಕಿಂತ ತುಸು ಬೆಚ್ಚಗೆ, ಆಳದ ಬಾವಿಯ ನೀರು 60–70ರಲ್ಲಿ. ಇವಕ್ಕೆ ಒಂದೊಂದು ಡಿಗ್ರಿಗೂ ಬೆಲೆ ತೆರಬೇಕು. ದೊಡ್ಡ ತೊಡಕು ಹೊಸ ಯಂತ್ರಗಳದ್ದಲ್ಲ, ನಮ್ಮ ಜಾಲಗಳು ಬೇಡುವ ತಾಪಮಾನದ್ದು ಎಂಬುದು ನನ್ನ ವಾದ. ಒಪ್ಪದವರು ಬರೆಯಿರಿ.

ಕುತೂಹಲಿ
ತಿಳಿಯದೆ ಕೇಳುತ್ತಿದ್ದೇನೆ. ಕೋಣೆ 21 ಡಿಗ್ರಿಗೆ ಬಂದರೆ ಸಾಕು. 60 ಡಿಗ್ರಿಯ ನೀರು ಮೈಮೇಲೆ ಬಿದ್ದರೆ ಸುಡುತ್ತದೆ. ಇಷ್ಟು ಅಂತರವಿದ್ದೂ 60 ಏಕೆ ಸಾಲುವುದಿಲ್ಲ?

ಹಳೇಬಾಯ್ಲರ್
ಸಾಲುತ್ತದೆ, ಚಳಿ ಇಲ್ಲದ ದಿನ.

ನೆಲಮಾಳಿಗೆ
ಕುತೂಹಲಿಯವರೇ, ಜಾಲದ ನೀರಿನ ಶಾಖವನ್ನು ಕಟ್ಟಡದ ನೀರಿಗೆ ದಾಟಿಸುವ, ನೆಲಮಾಳಿಗೆಯಲ್ಲಿರುವ ಹೀಟ್ ಎಕ್ಸ್‌ಚೇಂಜರ್‌ಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ, ಹಾಗಾಗಿ ಈ ಪ್ರಶ್ನೆ ನನ್ನದೇ. ಕೋಣೆಗೆ ಶಾಖ ಬಿಡುವ ಹಳೆಯ ರೇಡಿಯೇಟರುಗಳನ್ನು 90 ಡಿಗ್ರಿಯ ನೀರು ಒಳಬಂದು 70ರಲ್ಲಿ ಹೊರಹೋಗುತ್ತದೆ ಎಂಬ ಲೆಕ್ಕದ ಮೇಲೆ ಆರಿಸಿ ಕೂರಿಸಿದ್ದಾರೆ. ಅದೇ ರೇಡಿಯೇಟರಿಗೆ 60ರ ನೀರು ಬಿಟ್ಟು 40ರಲ್ಲಿ ಹೊರತೆಗೆದರೆ ಅದು ಕೊಡುವ ಶಾಖ ಸುಮಾರು ಶೇ 40ಕ್ಕೆ ಇಳಿಯುತ್ತದೆ.

ಕೇಳಲು ಭಯಂಕರ. ಆದರೆ ಕಟ್ಟಿದ ಮೇಲೆ ಆ ಕಟ್ಟಡದ ಕಿಟಕಿ ಬದಲಾಗಿರುತ್ತದೆ, ಗೋಡೆಗೆ ನಿರೋಧಕ ಹೊದಿಕೆ ಬಂದಿರುತ್ತದೆ, ಮೊದಲೇ ರೇಡಿಯೇಟರನ್ನು ಒಂದು ಅಳತೆ ದೊಡ್ಡದನ್ನೇ ಹಾಕಿರುತ್ತಾರೆ. ಹಾಗಾಗಿ ಬಹುಪಾಲು ಮನೆಗಳಿಗೆ ವರ್ಷದ ಬಹುಪಾಲು ದಿನ ಕಡಿಮೆ ತಾಪಮಾನ ನಿಜವಾಗಿಯೂ ಸಾಕು. ಸಾಲದ್ದು ಎಲ್ಲೋ ಒಂದು ಮೂಲೆ ಮನೆಗೆ, ಮೇಲಿನ ಮಹಡಿಗೆ. ಆ ಒಂದು ಮನೆಯ ದೂರು ನಿಲ್ಲಿಸಲು ಇಡೀ ಕಟ್ಟಡಕ್ಕೆ, ಅಂಥ ಒಂದು ಕಟ್ಟಡದ ದೂರು ನಿಲ್ಲಿಸಲು ಇಡೀ ಜಾಲಕ್ಕೆ ಬಿಸಿ ಏರಿಸುತ್ತಾರೆ.

ಒಂದು ಉದಾಹರಣೆ ಹೇಳುತ್ತೇನೆ. ಎಂಟು ಮಹಡಿಯ ಕಟ್ಟಡ. ಒಳಬರುವ ನೀರು 85, ಮರಳುವ ನೀರು 68. ಎಕ್ಸ್‌ಚೇಂಜರ್ ಕಟ್ಟಿಕೊಂಡಿದೆ, ಬದಲಿಸಿ ಎಂದು ವರದಿಯಾಗಿತ್ತು. ಅದು ಚೆನ್ನಾಗಿಯೇ ಇತ್ತು. ಕೊಳವೆಗಳ ಮೇಲೆ ಕೈ ಇಟ್ಟುಕೊಂಡು ಗೋಡೆಯುದ್ದಕ್ಕೂ ಹೋದೆ. ಹಲಗೆಗಳ ಹಿಂದೆ, ಬರುವ ಕೊಳವೆಗೂ ಮರಳುವ ಕೊಳವೆಗೂ ನಡುವೆ ಒಂದು ಸಣ್ಣ ಬೈಪಾಸ್ ವಾಲ್ವ್ ಪೂರ್ತಿ ತೆರೆದಿತ್ತು. ಹಿಡಿಕೆ ಮೇಲೆ ಬಣ್ಣ ಬಳಿದಿದ್ದರು, ಅಂದರೆ ತೆರೆದು ವರ್ಷಗಳೇ ಆಗಿದ್ದವು. ಬಿಸಿ ನೀರು ಮನೆಗಳ ಕಡೆ ಹೋಗದೆ ನೇರ ವಾಪಸ್ಸು ಓಡುತ್ತಿತ್ತು. ಅದನ್ನು ಮುಚ್ಚಿದೆ. ಮರಳುವ ನೀರು ಸಂಜೆಯೊಳಗೆ ಐವತ್ತರ ಆಸುಪಾಸಿಗೆ ಇಳಿಯಿತು. ಮರುದಿನ ಬೆಳಗ್ಗೆ ಏಳನೇ ಮಹಡಿಯಿಂದ ದೂರು ಬಂತು. ರೇಡಿಯೇಟರುಗಳ ನಡುವೆ ನೀರಿನ ಹಂಚಿಕೆ ಸರಿಪಡಿಸಲು ಪ್ರತಿ ಮನೆಗೂ ಹೋಗಿ ವಾಲ್ವ್ ಹೊಂದಿಸಬೇಕು. ಅದಕ್ಕೆ ಕಟ್ಟಡದ ಸಂಘ ಹಣ ಕೊಡಲಿಲ್ಲ, ಶಾಖ ಕಂಪನಿಯೂ ಕೊಡಲಿಲ್ಲ. ಬೈಪಾಸ್ ಅರ್ಧ ತೆರೆದು ಬಂದೆ.

ತಾಪಮಾನಿ
ಇದನ್ನೇ ನಾನು ಹೇಳುತ್ತಿರುವುದು! ಆ 68 ಎಂಬ ಅಂಕಿಯನ್ನು ಸ್ಥಾವರದ ಕಡೆಯಿಂದ ನೋಡಿ. 80ಕ್ಕೆ ಕಳಿಸಿ 60ಕ್ಕೆ ಮರಳಿದರೆ ಒಂದು ಘನ ಮೀಟರ್ ನೀರು ಊರಿಗೆ ಕೊಡುವುದು ಸುಮಾರು 23 ಕಿಲೋವ್ಯಾಟ್ ಗಂಟೆ. 40ಕ್ಕೆ ಮರಳಿದರೆ 46. ಅದೇ ಕೊಳವೆ, ಅದೇ ಪಂಪು, ಇಮ್ಮಡಿ ಶಾಖ. ಬಾವಿಯ ಮಾತಿಗೆ ಬಂದರೆ ಇನ್ನೂ ಕ್ರೂರ. ಭೂಮಿಯೊಳಗಿಂದ 70 ಡಿಗ್ರಿಯ ನೀರು ಬರುತ್ತಿದೆ ಎನ್ನಿ. ಜಾಲದಿಂದ ಮರಳುವ ನೀರು 60 ಇದ್ದರೆ ಅದರಿಂದ ತೆಗೆಯಬಹುದಾದದ್ದು ಹತ್ತು ಡಿಗ್ರಿ, 40 ಇದ್ದರೆ ಮೂವತ್ತು. ಕೋಟಿಗಟ್ಟಲೆ ಸುರಿದು ಕೊರೆದ ಬಾವಿ ಮೂರನೇ ಒಂದು ಭಾಗ ದುಡಿಯುವಂತೆ ಮಾಡುವುದು ಹಲಗೆಯ ಹಿಂದಿನ ಆ ವಾಲ್ವ್.

ತಣ್ಣನೆಯ ಮೂಲದಿಂದ ಶಾಖ ಎತ್ತಿ, ವಿದ್ಯುತ್ತಿನ ಬಲದಿಂದ ಹೆಚ್ಚು ಬಿಸಿಗೆ ಏರಿಸುವ ಹೀಟ್ ಪಂಪಿಗೂ ಇದೇ ಕಥೆ. ನಾರ್ವೆಯ ಡ್ರಾಮೆನ್‌ನಲ್ಲಿ ಒಳನಾಡಿಗೆ ಚಾಚಿದ ಸಮುದ್ರದ ಕವಲಿನ ಆಳದಿಂದ 8 ಡಿಗ್ರಿಯ ನೀರೆತ್ತಿ, ಅಮೋನಿಯಾ ಹೀಟ್ ಪಂಪುಗಳಿಂದ 90 ಡಿಗ್ರಿ ಮಾಡಿ ಊರಿಗೆ ಕೊಡುತ್ತಾರೆ. ಒಂದು ಪಾಲು ವಿದ್ಯುತ್ತಿಗೆ ಸುಮಾರು ಮೂರು ಪಾಲು ಶಾಖ ಸಿಗುತ್ತದೆ. ಯಂತ್ರದ ಮಟ್ಟಿಗೆ ಅದ್ಭುತ ಸಾಧನೆ. ಆದರೆ 8ರಿಂದ 90ಕ್ಕೆ ಏರಿಸುವಾಗ ಸಿದ್ಧಾಂತದ ಗರಿಷ್ಠ ಮಿತಿಯೇ ಸುಮಾರು ನಾಲ್ಕೂವರೆ ಪಾಲು. 60ಕ್ಕೆ ನಿಲ್ಲಿಸಿದರೆ ಆರು ದಾಟುತ್ತದೆ.

ಲೆಕ್ಕಿಗ
ಎಂಜಿನಿಯರುಗಳು ಡಿಗ್ರಿ ಎಣಿಸುತ್ತಾ ಕೂರಲಿ, ಹಣದ ಕಡೆಯವನಾಗಿ ನಾನು ಒಪ್ಪುವುದಿಲ್ಲ. ಹಳೆಯ ಅನಿಲ ಬಾಯ್ಲರಿನ ಸಾಲ ಎಂದೋ ತೀರಿದೆ. ಅದರ ಖರ್ಚೆಲ್ಲ ಇಂಧನದ್ದು, ಆ ಖರ್ಚನ್ನು ಗ್ರಾಹಕನ ಬಿಲ್ಲಿಗೆ ಹಾಗೆಯೇ ದಾಟಿಸಬಹುದು. ಬಾವಿ, ಸೌರ ಫಲಕ, ಹೀಟ್ ಪಂಪುಗಳಲ್ಲಿ ಖರ್ಚಿನ ಬಹುಪಾಲು ಮೊದಲ ದಿನವೇ ಬೀಳುತ್ತದೆ. ಬಡ್ಡಿ ದರ ಏರಿದರೆ ಯೋಜನೆಯ ಕಾಗದ ಮೂಲೆಗೆ. ಜೊತೆಗೆ ಅನೇಕ ಕಡೆ ವಿದ್ಯುತ್ತಿನ ಮೇಲಿನ ತೆರಿಗೆ, ಜಾಲ ಶುಲ್ಕಗಳೆಲ್ಲ ಸೇರಿ ಮೂಗಿಗಿಂತ ಮೂಗುತಿ ಭಾರ. ಅನಿಲ ಅಗ್ಗ, ವಿದ್ಯುತ್ ಅದರ ಮೂರು ಪಟ್ಟು ಎಂದಾದರೆ ಮೂರು ಪಾಲು ಶಾಖ ಕೊಡುವ ಹೀಟ್ ಪಂಪು ಯಾರ ಹಣ ಉಳಿಸಿತು?

ಸ್ವೀಡನ್ ನೋಡಿ. 1991ರಲ್ಲಿ ಇಂಗಾಲದ ತೆರಿಗೆ ಹಾಕಿದರು. ಎಪ್ಪತ್ತರ ದಶಕದಲ್ಲಿ ತೈಲವನ್ನೇ ನೆಚ್ಚಿದ್ದ ಅವರ ಶಾಖ ಜಾಲಗಳು ಮರದ ಚೂರು, ಕಾಡಿನ ಉಳಿಕೆ, ಕಸದ ಕಡೆ ಹೊರಳಿದವು. ತಾಪಮಾನ ಇಳಿಸಿ ಎಂದು ಭಾಷಣ ಮಾಡಿ ಆದದ್ದಲ್ಲ ಅದು. ತೈಲ ದುಬಾರಿಯಾಯಿತು, ಆಯಿತು.

ತಾಪಮಾನಿ
ಮರದ ಚೂರೂ ಬೆಂಕಿಯೇ ಅಲ್ಲವೇ? ಒಂದು ಬೆಂಕಿಯ ಬದಲು ಇನ್ನೊಂದು ಬೆಂಕಿ. ಅದಕ್ಕೇ ಅದು ಸುಲಭವಾಯಿತು.

ಹಳೇಬಾಯ್ಲರ್
ಆ ಬೆಂಕಿಗೂ ಮರಳುವ ನೀರಿನ ಹಂಗಿದೆ, ಬಿಡಿ. ಹಸಿ ಚೂರು ಸುಟ್ಟರೆ ಹೊಗೆಯ ತುಂಬ ನೀರಾವಿ. ಮರಳುವ ನೀರು ತಣ್ಣಗಿದ್ದರೆ ಆ ಆವಿಯನ್ನು ತಣಿಸಿ ನೀರಾಗಿಸಿ ಅದರ ಶಾಖ ಹಿಂಪಡೆಯಬಹುದು, ಬಿಸಿಯಾಗಿ ಬಂದರೆ ಚಿಮಣಿಯಲ್ಲಿ ಹೋಯಿತು. ಇದರಲ್ಲಿ ತಾಪಮಾನಿಯವರ ಪಕ್ಷ ನಾನು. ಆದರೆ ಎಲ್ಲರೂ ಜಾರಿಸಿಕೊಳ್ಳುವ ವಿಷಯ ಒಂದಿದೆ: ಕಡುಚಳಿಯ ವಾರ. ಆಗ ಊರಿನ ಬೇಡಿಕೆ ಇಮ್ಮಡಿ, ಮುಮ್ಮಡಿ. ವಿದ್ಯುತ್ ಜಾಲವೂ ಅದೇ ವಾರ ಬೆವರುತ್ತಿರುತ್ತದೆ. ನಿಮ್ಮ ಸೌರ ಫಲಕ ಹಿಮದಡಿಯಲ್ಲಿ. ಆ ವಾರ ಯಾರನ್ನು ಕರೆಯುತ್ತೀರಿ? ಮತ್ತೆ ಈ ಮುದುಕನ ಬಾಯ್ಲರನ್ನೇ.

ಲೆಕ್ಕಿಗ
ಕರೆಯಲಿ, ತಪ್ಪೇನು? ಗರಿಷ್ಠ ಬೇಡಿಕೆಯ ಅರ್ಧದಷ್ಟು ಸಾಮರ್ಥ್ಯದ ಯಂತ್ರ ಸಾಮಾನ್ಯವಾಗಿ ವರ್ಷದ ಶಾಖದ ಶೇ 80ಕ್ಕೂ ಹೆಚ್ಚನ್ನು ಕೊಟ್ಟುಬಿಡುತ್ತದೆ. ಉಳಿದದ್ದಕ್ಕೆ ಹಳೆಯ ಬಾಯ್ಲರ್ ಇರಲಿ. ಪೂರ್ತಿ ನೂರಕ್ಕೆ ನೂರು ಬೇಕೆಂಬ ಹಟದಲ್ಲಿ ಎಂಬತ್ತನ್ನು ಕಳೆದುಕೊಂಡ ಊರುಗಳೇ ಹೆಚ್ಚು.

ಬಾಡಿಗೆದಾರ
ನೀವೆಲ್ಲ ಸ್ಥಾವರದಿಂದ ಮಾತಾಡುತ್ತಿದ್ದೀರಿ. ಬಿಲ್ ಕಟ್ಟುವವನ ಮಾತನ್ನೂ ಕೇಳಿ. ಈ ಜಾಲಕ್ಕೆ ಒಮ್ಮೆ ಸೇರಿದರೆ ಬೇರೆ ಕಂಪನಿಗೆ ಹೋಗುವ ದಾರಿಯಿಲ್ಲ. ವಿದ್ಯುತ್ ಸರಬರಾಜುದಾರನನ್ನು ಬದಲಿಸಿದಂತೆ ಇದನ್ನು ಬದಲಿಸಲಾಗದು. ಹೊಸ ಹಸಿರು ಸ್ಥಾವರ ಎಂದು ಫಲಕ ಹಾಕುತ್ತಾರೆ, ಮುಂದಿನ ತಿಂಗಳು ಸ್ಥಿರ ಶುಲ್ಕ ಏರುತ್ತದೆ. ಯಾವ ಶಾಖಕ್ಕೆ ಎಷ್ಟು ಖರ್ಚಾಯಿತು ಎಂಬ ಲೆಕ್ಕ ನಮ್ಮ ಕೈಗೆ ಸಿಗುವುದೇ ಇಲ್ಲ. ಮನೆ ಮಾಲೀಕರು ರೇಡಿಯೇಟರ್ ಬದಲಿಸುವುದಿಲ್ಲ, ಬಿಲ್ ಅವರದ್ದಲ್ಲವಲ್ಲ. ನಾನು ಬದಲಿಸುವುದಿಲ್ಲ, ಮನೆ ನನ್ನದಲ್ಲವಲ್ಲ. ಬ್ರಿಟನ್ನಿನಲ್ಲಿ 2022ರ ಅನಿಲ ಬಿಕ್ಕಟ್ಟಿನಲ್ಲಿ ಮನೆ ಮನೆಯ ಅನಿಲ, ವಿದ್ಯುತ್ ಸಂಪರ್ಕಗಳಿಗೆ ದರದ ಮಿತಿ ಇತ್ತು, ಶಾಖ ಜಾಲದ ಗ್ರಾಹಕರಿಗೆ ಆ ರಕ್ಷಣೆ ಇರಲಿಲ್ಲ. ಅಲ್ಲಿ ನಿಯಂತ್ರಣದ ಕಾನೂನು ಬಂದದ್ದು 2023ರಲ್ಲಿ. ನಂಬಿಕೆ ಇಲ್ಲದ ಕಡೆ ಯಾವ ಯಂತ್ರ ತಂದರೂ ಜನ ಹೊಸ ದರಕ್ಕೆ ಬಗ್ಗುವುದಿಲ್ಲ.

ಲೆಕ್ಕಿಗ
ಇದಕ್ಕೆ ನನ್ನ ಬಳಿ ಪ್ರತಿವಾದವಿಲ್ಲ, ಸೇರಿಸಲು ಒಂದು ಮಾತಿದೆ. ಡೆನ್ಮಾರ್ಕ್‌ನಲ್ಲಿ ಸುಮಾರು ಮೂರನೇ ಎರಡರಷ್ಟು ಮನೆಗಳು ಶಾಖ ಜಾಲದಲ್ಲಿವೆ. 1973ರ ತೈಲ ಬಿಕ್ಕಟ್ಟಿನ ಪೆಟ್ಟು ತಿಂದು 1979ರಲ್ಲಿ ಶಾಖ ಪೂರೈಕೆಯ ಕಾಯ್ದೆ ತಂದರು. ಅಲ್ಲಿನ ಜಾಲಗಳಲ್ಲಿ ಬಹಳಷ್ಟು ಬಳಕೆದಾರರದ್ದೇ ಸಹಕಾರ ಸಂಘಗಳು ಅಥವಾ ನಗರಸಭೆಯವು. ವೆಚ್ಚಕ್ಕಿಂತ ಹೆಚ್ಚು ವಸೂಲಿ ಮಾಡುವಂತಿಲ್ಲ ಎಂಬ ತತ್ವದ ಮೇಲೆ ನಡೆದು ಬಂದವು. ಸಾಲಕ್ಕೆ ನಗರಸಭೆಯ ಜಾಮೀನು ಇರುವುದರಿಂದ ಬಡ್ಡಿಯೂ ಕಡಿಮೆ.

ಶಿಲಾಪದರ
ಬಾವಿಯ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ತಾಪಮಾನಿಯವರು 70 ಡಿಗ್ರಿಯ ನೀರು ಬರುತ್ತಿದೆ ಎನ್ನಿ ಎಂದು ಸಲೀಸಾಗಿ ಬರೆದರು. ಬರುತ್ತದೋ ಇಲ್ಲವೋ ಎಂಬುದು ತಿಳಿಯುವುದು ಹಣವೆಲ್ಲ ಖರ್ಚಾದ ಮೇಲೆ. ಬಿಸಿ ಇದ್ದರೂ ಬಂಡೆಯಲ್ಲಿ ನೀರು ಹರಿಯದಿರಬಹುದು. ಹರಿದರೂ ಅದರಲ್ಲಿನ ಉಪ್ಪು, ಅನಿಲ ಕೊಳವೆಯನ್ನು ತಿನ್ನಬಹುದು. ಸ್ವಿಟ್ಜರ್‌ಲೆಂಡಿನ ಸಾಂಕ್ಟ್ ಗಾಲೆನ್‌ನಲ್ಲಿ ಊರಿನ ಜಾಲಕ್ಕಾಗಿ ನಾಲ್ಕು ಕಿಲೋಮೀಟರಿಗೂ ಆಳ ಕೊರೆದರು. 2013ರ ಜುಲೈನಲ್ಲಿ ಬಾವಿಗೆ ಅನಿಲ ನುಗ್ಗಿತು. ಅದನ್ನು ಹತ್ತಿಕ್ಕಲು ನೀರು ಒತ್ತಿದಾಗ 3.5 ತೀವ್ರತೆಯ ಕಂಪನವಾಯಿತು. ಆಮೇಲಿನ ಪರೀಕ್ಷೆಯಲ್ಲಿ ಸಿಕ್ಕ ನೀರು ಸಾಲದೆ ಯೋಜನೆಯನ್ನೇ ಕೈಬಿಟ್ಟರು.

ಹಾಗೆಂದು ಭೂಶಾಖ ಎಂದರೆ ಜೂಜು ಎಂದು ತೀರ್ಮಾನಿಸಬೇಡಿ. ಪ್ಯಾರಿಸ್ ಸುತ್ತಲಿನ ಡಾಗರ್ ಎಂಬ ಸುಣ್ಣಕಲ್ಲಿನ ಪದರಿನಿಂದ 1969ರಿಂದ ಮೆಲೂನ್ ಊರು ಶಾಖ ಪಡೆಯುತ್ತಿದೆ. ಎಂಬತ್ತರ ದಶಕದಲ್ಲಿ ಅಲ್ಲಿ ಬಾವಿಯ ಮೇಲೆ ಬಾವಿ ಕೊರೆದರು, ತುಕ್ಕಿನ ಕಾಟದಿಂದ ಹಲವು ಮುಚ್ಚಿದವು, ನೀರಿಗೆ ತುಕ್ಕು ತಡೆಯುವ ರಾಸಾಯನಿಕ ಬಿಡುವುದನ್ನು ಕಲಿತ ಮೇಲೆ ಉಳಿದವು ನಿಂತವು. ಫ್ರಾನ್ಸ್ ಮಾಡಿದ ಜಾಣತನ ಮತ್ತೊಂದು. ಬಾವಿ ಬರಿದಾದರೆ ನಷ್ಟದ ಬಹುಪಾಲು ತುಂಬಿಕೊಡುವ ಖಾತರಿ ನಿಧಿಯನ್ನು ಎಂಬತ್ತರ ದಶಕದಲ್ಲೇ ಸ್ಥಾಪಿಸಿತು. ಒಂದು ಪುಟ್ಟ ಊರು ಹತ್ತು ಬಾವಿ ಕೊರೆದು ಸರಾಸರಿ ನೋಡಲು ಸಾಧ್ಯವಿಲ್ಲ. ಅದಕ್ಕಿರುವುದು ಒಂದೇ ಬಾವಿ. ಆ ಅಪಾಯವನ್ನು ದೇಶ ಹೊತ್ತುಕೊಂಡರೆ ಮಾತ್ರ ಊರು ಕೊರೆಯುತ್ತದೆ.

ಐಸ್‌ಲ್ಯಾಂಡಿನ ಉದಾಹರಣೆಯನ್ನು ಮಾತ್ರ ದಯವಿಟ್ಟು ತರಬೇಡಿ. ಅಲ್ಲಿ ಸುಮಾರು ಶೇ 90 ಮನೆಗಳು ಭೂಶಾಖದಿಂದ ಬೆಚ್ಚಗಿವೆ, ನಿಜ. ಅವರ ಕಾಲಡಿಯಲ್ಲಿರುವ ನೆಲ ಬೇರೆಯವರಿಗೆ ಇಲ್ಲ.

ಕುತೂಹಲಿ
ಮೇಡಂ, ತರಬೇಕೆಂದಿದ್ದೆ, ಬಿಟ್ಟೆ. ಬೇಸಿಗೆಯ ಬಿಸಿಲನ್ನು ಚಳಿಗಾಲಕ್ಕೆ ಕೂಡಿಡಬಹುದು ಎಂದು ಓದಿದ್ದೇನೆ. ಅದು ನಡೆಯುವುದಿಲ್ಲವೇ?

ತಾಪಮಾನಿ
ನಡೆಯುತ್ತದೆ, ಜಾಗವಿದ್ದರೆ. ಡೆನ್ಮಾರ್ಕಿನ ಸಿಲ್ಕೆಬೋರ್‌ನಲ್ಲಿ 2016ರಲ್ಲಿ ಒಂದೂವರೆ ಲಕ್ಷ ಚದರ ಮೀಟರಿಗೂ ಹೆಚ್ಚು ಸೌರ ಶಾಖ ಫಲಕ ಹಾಸಿದರು, ಊರಿನ ವಾರ್ಷಿಕ ಶಾಖದಲ್ಲಿ ಐದನೇ ಒಂದರಷ್ಟು ಅದರಿಂದ ಸಿಗುವ ಅಂದಾಜು. ಮಾರ್ಸ್ಟಲ್ ಎಂಬ ದ್ವೀಪದ ಊರಲ್ಲಿ 75,000 ಘನ ಮೀಟರಿನ ನೀರಿನ ಗುಂಡಿಯನ್ನೇ ತೋಡಿ, ಒಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ತೇಲುವ ಮುಚ್ಚಳ ಹೊದಿಸಿ ಬೇಸಿಗೆಯ ಶಾಖ ಇಟ್ಟುಕೊಳ್ಳುತ್ತಾರೆ. ಹಾಳೆ, ಮುಚ್ಚಳ ಇವೇ ಅದರ ದುರ್ಬಲ ಜಾಗ. 80–90 ಡಿಗ್ರಿಯ ನೀರಿನಲ್ಲಿ ವರ್ಷಗಟ್ಟಲೆ ನೆನೆದ ಪ್ಲಾಸ್ಟಿಕ್ ಬೇಗ ಸವೆಯುತ್ತದೆ. ದಟ್ಟ ನಗರದ ಮಧ್ಯೆ ಅಷ್ಟು ನೆಲ ಯಾರು ಕೊಡುತ್ತಾರೆ? ಶಾಖ ಬೇಕಾದದ್ದು ಜನ ಕಿಕ್ಕಿರಿದ ಕಡೆ, ಬಿಸಿಲು ಹಿಡಿಯಲು ಬಯಲಿರುವುದು ಜನವಿಲ್ಲದ ಕಡೆ.

ಹಳೇಬಾಯ್ಲರ್
ಕೆನಡಾದ ಡ್ರೇಕ್ ಲ್ಯಾಂಡಿಂಗ್ ಕಥೆಯನ್ನೂ ಹೇಳಿ. 52 ಮನೆ, 144 ಕೊಳವೆ ಬಾವಿ, ಬೇಸಿಗೆಯ ಬಿಸಿಲನ್ನು ಮಣ್ಣಿನೊಳಗೆ ಇಳಿಸಿ ಚಳಿಗಾಲದಲ್ಲಿ ತೆಗೆಯುವುದು. 2007ರಲ್ಲಿ ಶುರು. ಕೊನೆಗೆ 2024ರಲ್ಲಿ ಬೀಗ.

ಶಿಲಾಪದರ
ಅರ್ಧ ಕಥೆ ಹೇಳಬಾರದು. ಬೇಡಿಕೆಯ ಶೇ 90ಕ್ಕೂ ಹೆಚ್ಚನ್ನು ಬಿಸಿಲಿನಿಂದಲೇ ವರ್ಷಗಟ್ಟಲೆ ಪೂರೈಸಿತು, ಒಂದು ಚಳಿಗಾಲ ಪೂರ್ತಿ ನೂರಕ್ಕೆ ನೂರು. ಮುಚ್ಚಿದ್ದು ಮಣ್ಣು ಕೈಕೊಟ್ಟದ್ದಕ್ಕಲ್ಲ, ಹಳೆಯ ಭಾಗಗಳು ಕೆಟ್ಟು, ದುರಸ್ತಿ ದುಬಾರಿಯಾದದ್ದಕ್ಕೆ. 52 ಮನೆಗಳ ಹೆಗಲ ಮೇಲೆ ಅಷ್ಟು ಯಂತ್ರ ಹೊರಿಸಿದರೆ ಬೇರೇನಾಗುತ್ತದೆ? ಐದು ಸಾವಿರ ಮನೆಗಳಿದ್ದರೆ ಅದೇ ದುರಸ್ತಿಯ ಖರ್ಚು ಬಿಲ್ಲಿನಲ್ಲಿ ಕಾಣಿಸುತ್ತಲೂ ಇರಲಿಲ್ಲ.

ಹಳೇಬಾಯ್ಲರ್
ಅದನ್ನೇ ಹೇಳುತ್ತಿದ್ದೇನೆ. ಪ್ರಾಯೋಗಿಕ ಯೋಜನೆ ಉದ್ಘಾಟಿಸಲು ಎಲ್ಲರೂ ಬರುತ್ತಾರೆ, ಹದಿನೈದನೇ ವರ್ಷ ಪಂಪು ಬದಲಿಸಲು ಯಾರೂ ಬರುವುದಿಲ್ಲ.

ನೆಲಮಾಳಿಗೆ
ನಲ್ಲಿಯ ಬಿಸಿ ನೀರಿನ ಬಗ್ಗೆ ಯಾರೂ ಬರೆಯಲಿಲ್ಲ. ತಾಪಮಾನ ಇಳಿಸಿ ಎನ್ನುವವರು ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ ನೆನಪಿಡಬೇಕು. ಬೆಚ್ಚನೆಯ ನಿಂತ ನೀರಿನಲ್ಲಿ ಅದು ಬೆಳೆಯುತ್ತದೆ, ಗಾಳಿಯಲ್ಲಿ ತೇಲುವ ಸಣ್ಣ ನೀರಹನಿಗಳೊಂದಿಗೆ ಶ್ವಾಸಕೋಶ ಸೇರಿದರೆ ಪ್ರಾಣಕ್ಕೆ ಅಪಾಯ. ಅದಕ್ಕಾಗಿ ದೊಡ್ಡ ತೊಟ್ಟಿಯಲ್ಲಿ ನೀರಿಟ್ಟರೆ 60 ಡಿಗ್ರಿ ಕಾಯಬೇಕೆಂಬ ನಿಯಮ ಅನೇಕ ದೇಶಗಳಲ್ಲಿದೆ. ತೊಟ್ಟಿಯನ್ನೇ ತೆಗೆದು ಪ್ರತಿ ಮನೆಗೂ ಪುಟ್ಟ ಎಕ್ಸ್‌ಚೇಂಜರ್ ಕೂರಿಸಿದರೆ ನೀರು ನಿಲ್ಲುವುದೇ ಇಲ್ಲ, 50–55ರಲ್ಲಿ ಕೆಲಸ ನಡೆಯುತ್ತದೆ. ಹೊಸ ಕಟ್ಟಡದಲ್ಲಿ ಇದು ಸುಲಭ. ಹಳೆಯದರಲ್ಲಿ ಸ್ನಾನದ ಮನೆಯ ಗೋಡೆ ಒಡೆಯಬೇಕು.

ಬಾಡಿಗೆದಾರ
ಒಡೆದ ಗೋಡೆ ಯಾರ ಖರ್ಚಿನಲ್ಲಿ ಮತ್ತೆ ಏಳುತ್ತದೆ ಎಂಬುದನ್ನು ಮೊದಲು ಬರೆದುಕೊಡಿ.

ಲೆಕ್ಕಿಗ
ವ್ಯರ್ಥ ಶಾಖದ ವಿಷಯ. ಡೆನ್ಮಾರ್ಕಿನ ಒಡೆನ್ಸೆಯಲ್ಲಿ ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಡೇಟಾ ಕೇಂದ್ರದ ಶಾಖವನ್ನು ಹೀಟ್ ಪಂಪಿನಿಂದ ಏರಿಸಿ ಊರಿನ ಜಾಲಕ್ಕೆ ಕೊಡುತ್ತಾರೆ. ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಸುರಂಗ ರೈಲಿನ ಗಾಳಿಯ ಶಾಖ ಹಿಡಿದು ಮನೆಗಳಿಗೆ ಹರಿಸುತ್ತಾರೆ. ಚಿತ್ರ ಚೆನ್ನಾಗಿ ಬರುತ್ತದೆ, ಪತ್ರಿಕೆಯಲ್ಲಿ ಹಾಕುತ್ತಾರೆ. ಒಪ್ಪಂದದ ಮೇಜಿನ ಮೇಲೆ ಬೇರೆಯದೇ ಪ್ರಶ್ನೆ. ಕೊಳವೆಯ ಆಯುಸ್ಸು ಮೂವತ್ತು ವರ್ಷ ಮೀರುತ್ತದೆ. ಕಾರ್ಖಾನೆಯಾಗಲಿ ಡೇಟಾ ಕೇಂದ್ರವಾಗಲಿ ಅಷ್ಟು ವರ್ಷ ಇಲ್ಲೇ ಇರುತ್ತೇವೆ ಎಂದು ಸಹಿ ಹಾಕುವುದಿಲ್ಲ. ಅವರಿಗೆ ಶಾಖ ಮಾರುವುದು ವ್ಯಾಪಾರವಲ್ಲ, ಉಪದ್ರವ. ಅವರು ಹೋದ ಮರುದಿನವೂ ಊರು ಬೆಚ್ಚಗಿರಬೇಕಾದರೆ ಅಷ್ಟೇ ಸಾಮರ್ಥ್ಯದ ಇನ್ನೊಂದು ಸ್ಥಾವರ ಸುಮ್ಮನೆ ನಿಂತಿರಬೇಕು. ಆ ನಿಂತ ಸ್ಥಾವರದ ಬಡ್ಡಿಯನ್ನು ಯಾರೂ ಆ ಚಿತ್ರದ ಕೆಳಗೆ ಬರೆಯುವುದಿಲ್ಲ.

ಹಳೇಬಾಯ್ಲರ್
ಅಳತೆಯೇ ಇಲ್ಲದ ಜಾಲಗಳ ಗತಿ? ಉತ್ತರ ಚೀನಾದ ಜಾಲಗಳು ಜಗತ್ತಿನಲ್ಲೇ ಅತಿ ದೊಡ್ಡವು. ಅಲ್ಲಿ ಬಹಳಷ್ಟು ಮನೆಗಳಿಗೆ ಬಿಲ್ ಬರುವುದು ನೆಲದ ವಿಸ್ತೀರ್ಣದ ಮೇಲೆ. ಬೀಜಿಂಗ್‌ನಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಶಾಖ ಬರುತ್ತದೆ, ನೀವು ಎಷ್ಟು ಬಳಸಿದಿರಿ ಎಂದು ಕೇಳುವವರಿಲ್ಲ. ಸೋವಿಯತ್ ಕಾಲದ ಕಟ್ಟಡಗಳಲ್ಲಿ ಒಂದೇ ಕೊಳವೆ ಒಂದು ರೇಡಿಯೇಟರಿನಿಂದ ಮತ್ತೊಂದಕ್ಕೆ ಇಳಿಯುತ್ತದೆ. ನಿಮ್ಮದನ್ನು ಮುಚ್ಚಿದರೆ ಕೆಳಗಿನವರಿಗೂ ಇಲ್ಲ. ಸೆಕೆಯಾದರೆ ಕಿಟಕಿ ತೆರೆಯುವುದೊಂದೇ ದಾರಿ. ಅಲ್ಲಿಗೆ ಹೀಟ್ ಪಂಪು ಒಯ್ದು ಏನು ಮಾಡುತ್ತೀರಿ?

ತಾಪಮಾನಿ
ಇಲ್ಲಿ ನಿಮ್ಮ ಮಾತಿಗೆ ಎದುರಾಡುವುದಿಲ್ಲ. ಆದರೆ ಒಂದು ಉದಾಹರಣೆ. ಲಿಥುವೇನಿಯದ್ದೂ ಸೋವಿಯತ್ ಕಾಲದ ಕಟ್ಟಡಗಳೇ, ಹಿಂದೆ ಅಲ್ಲೂ ರಷ್ಯಾದ ಅನಿಲವೇ ಇತ್ತು. ಸ್ವತಂತ್ರ ಉತ್ಪಾದಕರಿಗೆ ಜಾಲ ತೆರೆದರು, ಮರದ ಇಂಧನಕ್ಕೆ ವಿನಿಮಯ ಕೇಂದ್ರ ಕಟ್ಟಿದರು, ಇಂದು ಅಲ್ಲಿನ ಶಾಖದ ಬಹುಪಾಲು ಬಯೋಮಾಸ್‌ನದ್ದು.

ಹಳೇಬಾಯ್ಲರ್
ಮತ್ತೆ ಬೆಂಕಿ. ಕೆಲವು ಗಂಟೆಗಳ ಹಿಂದೆ ಸ್ವೀಡನ್ನಿನ ಬೆಂಕಿಯನ್ನು ನೀವೇ ತಳ್ಳಿಹಾಕಿದಿರಿ.

ತಾಪಮಾನಿ
ತಳ್ಳಿಹಾಕಲಿಲ್ಲ, ಅದು ಸುಲಭದ ಮೊದಲ ಮೆಟ್ಟಿಲು ಎಂದೆ. ಎಲ್ಲ ಊರುಗಳಿಗೂ ಸಾಲುವಷ್ಟು ಕಾಡಿಲ್ಲ, ಹಡಗಿನಲ್ಲಿ ತರಿಸಿ ಸುಡುವ ಮರದ ಉಂಡೆಗಳ ಬಗ್ಗೆ ತಕರಾರು ಏಳುವುದು ಅದಕ್ಕೇ. ಜರ್ಮನಿಯ ಹೊಸ ಕಾಯ್ದೆ ನೋಡಿ. 2024ರ ಜನವರಿಯಿಂದ ಜಾರಿಯಲ್ಲಿದೆ. ಜಾಲದ ಶಾಖದಲ್ಲಿ 2030ಕ್ಕೆ ಶೇ 30, 2040ಕ್ಕೆ ಶೇ 80 ನವೀಕರಿಸಬಹುದಾದದ್ದು ಅಥವಾ ವ್ಯರ್ಥ ಶಾಖ ಇರಬೇಕು. ಮೊದಲ ಮೂವತ್ತನ್ನು ಕಟ್ಟಿಗೆ ಸುಟ್ಟು ದಾಟಬಹುದು. ಎಂಬತ್ತಕ್ಕೆ ಕಟ್ಟಿಗೆಯೊಂದೇ ಸಾಲುವುದಿಲ್ಲ, ಬೆಂಕಿಯಿಲ್ಲದ ಶಾಖವನ್ನೂ ತರಬೇಕು, ಆಗ ನೆಲಮಾಳಿಗೆಗೆ ಇಳಿಯಲೇಬೇಕು.

ಕುತೂಹಲಿ
ಹಾಗಾದರೆ ಒಂದು ಜಾಲ ಹೊಸ ಸ್ಥಾವರಕ್ಕೆ ಕಾಯದೆ ಈ ವಾರವೇ ಮಾಡಬಹುದಾದದ್ದು ಏನಾದರೂ ಇದೆಯೇ?

ತಾಪಮಾನಿ
ಇದೆ, ಮತ್ತು ಹೆಚ್ಚು ಖರ್ಚಿಲ್ಲ. ಪ್ರತಿ ಕಟ್ಟಡದ ಶಾಖ ಮಾಪಕ ಎರಡು ಅಂಕಿ ಕೊಡುತ್ತದೆ: ಎಷ್ಟು ನೀರು ಹರಿಯಿತು, ಎಷ್ಟು ಶಾಖ ಇಳಿಯಿತು. ಇಳಿದ ಶಾಖಕ್ಕೆ ನಿಜವಾಗಿ ಬೇಕಾಗಿದ್ದ ನೀರೆಷ್ಟು ಎಂದು ಲೆಕ್ಕ ಹಾಕಿ, ಹರಿದ ನೀರಿನಿಂದ ಕಳೆಯಿರಿ. ಉಳಿದದ್ದು ವೃಥಾ ಓಡಿದ ನೀರು. ಆ ಉಳಿಕೆಯ ಪ್ರಕಾರ ಕಟ್ಟಡಗಳನ್ನು ಇಳಿಕೆಯ ಕ್ರಮದಲ್ಲಿ ಇಟ್ಟು ನೋಡಿ. ಪಟ್ಟಿಯ ತಲೆಯಲ್ಲಿರುವ ಕೆಲವೇ ಕಟ್ಟಡಗಳು ಇಡೀ ಜಾಲದ ಮರಳುವ ನೀರನ್ನು ಕೆಡಿಸುತ್ತಿರುವುದು ಕಾಣುತ್ತದೆ. ನೆಲಮಾಳಿಗೆಯವರ ಎಂಟು ಮಹಡಿ ಆ ಪಟ್ಟಿಯ ಮೇಲ್ತುದಿಯಲ್ಲೇ ಇದ್ದಿರಬೇಕು.

ಲೆಕ್ಕಿಗ
ಅದಕ್ಕೆ ದರವನ್ನೂ ಜೋಡಿಸಿ. ಡೆನ್ಮಾರ್ಕಿನ ಹಲವು ಜಾಲಗಳಲ್ಲಿ ನೀರನ್ನು ತಣ್ಣಗೆ ಮರಳಿಸಿದವರಿಗೆ ರಿಯಾಯಿತಿ, ಬಿಸಿಯಾಗಿ ಮರಳಿಸಿದವರಿಗೆ ಹೆಚ್ಚುವರಿ ಶುಲ್ಕ ಇದೆ. ಕಟ್ಟಡದ ಸಂಘ ವಾಲ್ವ್ ಹೊಂದಿಸಲು ಹಣ ಬಿಚ್ಚುವುದು ಬಿಲ್ಲಿನಲ್ಲಿ ಅದು ಕಂಡಾಗ ಮಾತ್ರ.

ಬಾಡಿಗೆದಾರ
ಹೆಚ್ಚುವರಿ ಶುಲ್ಕ ಬಿದ್ದರೆ ಮಾಲೀಕರು ಅದನ್ನು ಬಾಡಿಗೆದಾರರ ನಡುವೆ ಹಂಚಿ ಕೈತೊಳೆದುಕೊಳ್ಳುತ್ತಾರೆ. ಶುಲ್ಕ ಮಾಲೀಕರ ಹೆಸರಿನಲ್ಲೇ ಬೀಳಬೇಕು, ನಮ್ಮ ಬಿಲ್ಲಿಗೆ ದಾಟಿಸುವಂತಿಲ್ಲ ಎಂದು ಬರೆದರೆ ಒಪ್ಪುತ್ತೇನೆ.

ನೆಲಮಾಳಿಗೆ
ಆ ಪಟ್ಟಿ ನಮ್ಮ ಕಚೇರಿಯಲ್ಲಿ ಈಗಲೂ ಇದೆ. ಪ್ರತಿ ತಿಂಗಳು ಮುದ್ರಿಸಿ ನನಗೆ ಕೊಡುತ್ತಾರೆ. ಮನೆಯೊಳಗಿನ ವಾಲ್ವ್ ಮುಟ್ಟುವ ಅಧಿಕಾರ ಮಾತ್ರ ಕೊಟ್ಟಿಲ್ಲ, ನನ್ನ ಗಡಿ ಎಕ್ಸ್‌ಚೇಂಜರ್‌ಗೆ ಮುಗಿಯುತ್ತದೆ. ಅದರಾಚೆಗಿನ ಕೆಲಸವನ್ನೂ ಕಂಪನಿಯೇ ವಹಿಸಿಕೊಂಡು, ಅದರ ಖರ್ಚನ್ನು ಇಂಧನದ ಉಳಿತಾಯದಲ್ಲಿ ಸರಿತೂಗಿಸಿಕೊಂಡ ಜಾಲ ಯಾರಿಗಾದರೂ ಗೊತ್ತಿದ್ದರೆ ಒಪ್ಪಂದದ ನಮೂನೆ ಹೇಗಿದೆ ಎಂದು ಇಲ್ಲಿ ಬರೆಯಿರಿ. ಮುಂದಿನ ಚಳಿಗಾಲಕ್ಕೆ ಮುಂಚೆ ನಮ್ಮವರ ಮುಂದೆ ಇಡಬೇಕಿದೆ.